ಡೇಕೇರ್ ಆಂಟಿ ಹಾಕಿದ ವೋಟು

ಮೊನ್ನೆ ಅಮೆರಿಕದ ನೆವಾರ್ಕಿನ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತುತ್ತಿದ್ದಾಗ ಯಾರದೋ ಅಡುಗೆಮನೆಯಿಂದ ಬೆಳ್ಳುಳ್ಳಿಯೂ ವಿನೆಗರೂ ಒಟ್ಟಿಗೆ ಕುದಿಯುವ ವಾಸನೆ ಬಂತು. ಡೇಕೇರ್ ಆಂಟಿಯ ಮನೆಯ ವಾಸನೆ ಅದು. ಗ್ರೋಸರಿ ಚೀಲ ಹಿಡಿದುಕೊಂಡೇ ನಿಂತುಬಿಟ್ಟೆ…

ಆಂಟಿ ಇದ್ದದ್ದು ನಮ್ಮ ಕೆಳಗಿನ ಮನೆಯಲ್ಲಿ. ಅಲ್ಲೇ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಡೇಕೇರ್ ನಡೆಸುತ್ತಿದ್ದರು. ಸ್ಕೂಲಿಗೆ ಸೇರುವ ತನಕ ನನ್ನ ಮಗಳು ಬೆಳೆದದ್ದೇ ಅವರ ಮಡಿಲಲ್ಲಿ. ಯಾವುದೋ ದ್ವೀಪದಿಂದ ಬಂದು ಇಲ್ಲೇ ಕೂದಲು ನರೆತಿದ್ದರೂ ಅವರ ಮನಸ್ಸೆಲ್ಲ ತಮ್ಮ ದೇಶದಲ್ಲೇ. ಅಲ್ಲಿನ ಅಧ್ಯಕ್ಷನೆಂದರೆ ಪ್ರಾಣ. "ಡ್ರಗ್ಸ್ ಮಾರೋರನ್ನ ಬೀದೀಲೇ ಮುಗಿಸ್ತಾನೆ. ಗಂಡಸು ಅಂದ್ರೆ ಅವನು" ಎನ್ನುತ್ತಿದ್ದರು. ಇಲ್ಲಿಂದಲೇ ವೋಟು ಹಾಕಿದ್ದರು. ಊರಲ್ಲಿದ್ದ ತಂಗಿಗೂ ಫೋನಿನ ಮೇಲೆ ಫೋನು ಮಾಡಿ ಅವನಿಗೇ ಹಾಕಿಸಿದ್ದರು.

ಸ್ವಲ್ಪ ಕಾಲಕ್ಕೆ ಆ ತಂಗಿಯ ಮಗ ತೀರಿಕೊಂಡ. ಮೋಟಾರ್‌ಸೈಕಲ್ ರಿಪೇರಿ ಮಾಡಿಕೊಂಡಿದ್ದ ಹುಡುಗ. "ಆಕ್ಸಿಡೆಂಟು" ಎಂದರು ಆಂಟಿ. ಆಮೇಲೆ ಅವರ ಬಾಯಲ್ಲಿ ಅಧ್ಯಕ್ಷನ ಸುದ್ದಿಯೇ ನಿಂತುಹೋಯಿತು. ದುಃಖವಿರಬೇಕು ಎಂದುಕೊಂಡೆ…

ವರ್ಷಗಳು ಕಳೆದವು. ಅವನ ಅಧಿಕಾರ ಹೋಯಿತು. ಒಂದು ದಿನ, ಬೀದಿಯಲ್ಲಿ ಜನರನ್ನು ಕೊಲ್ಲಿಸಿದ ಆರೋಪದ ಮೇಲೆ ಅವನನ್ನು ಬಂಧಿಸಿ, ಬೇರೆ ದೇಶದಲ್ಲಿರುವ ಅಂತರರಾಷ್ಟ್ರೀಯ ಕೋರ್ಟಿಗೆ ಒಯ್ದರೆಂದು ಸುದ್ದಿ ಬಂತು. ಆ ಸಂಜೆ ಹೋಳಿಗೆ ಕೊಡೋಣವೆಂದು ಕೆಳಗೆ ಹೋದೆ. ಆಂಟಿಯ ಚರ್ಚಿನ ಗೆಳತಿಯೊಬ್ಬರು ಫಲಕಗಳನ್ನು ಹೊತ್ತು ಬಂದು ಕೂತಿದ್ದರು. 'ನಮ್ಮ ನಾಯಕನನ್ನು ಬಿಡಿ' ಎಂದು ಅವುಗಳ ಮೇಲೆ ಬರೆದಿತ್ತು.

"ನಾಳೆ ರ‍್ಯಾಲಿಗೆ ನೀನೇ ಮುಂದೆ ಇರಬೇಕು. ನಮಗೆಲ್ಲ ಅವನ ಹುಚ್ಚು ಹಿಡಿಸಿದವಳೇ ನೀನು" ಎಂದರು ಗೆಳತಿ.

ಆಂಟಿ ಎದ್ದು ಟಿವಿ ಆರಿಸಿದರು. "ನನ್ನ ತಂಗಿ ಮಗ ಆಕ್ಸಿಡೆಂಟಲ್ಲಿ ಸಾಯಲಿಲ್ಲ. ಪೊಲೀಸರು ಮನೆಗೆ ನುಗ್ಗಿ ಗುಂಡು ಹೊಡೆದರು. ಡ್ರಗ್ಸ್ ಮಾರ್ತಿದ್ದ ಅಂತ ಸುಳ್ಳು ಹೇಳಿದರು. ನಾನು ನಾಚಿಕೆಗೆ ಯಾರಿಗೂ ಹೇಳಲಿಲ್ಲ."

ಗೆಳತಿ ಫಲಕಗಳನ್ನು ಎತ್ತಿಕೊಂಡು ಹೋದರು. ನಾಚಿಕೆ ಆ ಹುಡುಗನದಲ್ಲ, ತಮ್ಮ ವೋಟಿನದು ಎಂದು ಆಮೇಲೆ ಆಂಟಿ ನನಗೆ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಸತ್ತವರ ಮನೆಯವರು ಕೋರ್ಟಿಗೆ ಹೇಳಿಕೆ ಕೊಡಬಹುದೆಂದು ತಿಳಿದಾಗ ಅವರು ತಂಗಿಗೆ ಫೋನು ಮಾಡಿದರು. ತಂಗಿ ಅಂದಳಂತೆ: "ಅವತ್ತು ವೋಟು ಹಾಕು ಅಂದೆ, ಹಾಕಿದೆ. ಇವತ್ತು ಸಾಕ್ಷಿ ಹೇಳು ಅಂತೀಯ. ನೀನು ಅಮೆರಿಕದಲ್ಲಿದ್ದೀಯಕ್ಕ. ಪೊಲೀಸ್ ಸ್ಟೇಷನ್ನು ಇರೋದು ನನ್ನ ಬೀದೀಲಿ."

ಆಂಟಿ ಡೇಕೇರ್ ಮುಚ್ಚಿ ತಂಗಿಯ ಊರಿಗೆ ಹೊರಟುನಿಂತರು. ಏರ್‌ಪೋರ್ಟಿಗೆ ನಾನೇ ಬಿಟ್ಟುಬಂದೆ. ಫ್ರೀವೇ ಮುಗಿಯುತ್ತಾ ಬಂದಾಗ, "ಅವನಿಗೆ ವಕೀಲರಿದ್ದಾರೆ, ಜಡ್ಜ್ ಇದ್ದಾರೆ. ಇರಲಿ, ಇರಬೇಕು. ನಮ್ಮ ಹುಡುಗನನ್ನ ಯಾರೂ ಒಂದು ಮಾತೂ ಕೇಳಲಿಲ್ಲ" ಎಂದರು. ಇಳಿಯುವಾಗ ನನ್ನ ಕೈ ಹಿಡಿದು, "ಚಪ್ಪಾಳೆ ತಟ್ಟಿದೋರನ್ನ ಯಾವ ಕೋರ್ಟೂ ಕರೆಯಲ್ಲ, ಅಲ್ವಾ?" ಎಂದರು.

"ಹಾಗೆಲ್ಲ ಅನ್ಬೇಡಿ ಆಂಟಿ" ಎಂದೆ.

ತಂಗಿ ಮೊದಮೊದಲು ಮುಖ ಕೊಟ್ಟು ಮಾತಾಡಲಿಲ್ಲವಂತೆ. ಆಂಟಿ ಅದೇ ಬೀದಿಯಲ್ಲಿ ಬಾಡಿಗೆ ಕೋಣೆ ಹಿಡಿದು ಉಳಿದರು. ಕಡೆಗೆ ಅಕ್ಕತಂಗಿಯರಿಬ್ಬರೂ ವಕೀಲರ ಹತ್ತಿರ ಹೋಗಿ ಹೇಳಿಕೆ ಕೊಟ್ಟುಬಂದರು. ಅದಾಗಿ ಹೆಚ್ಚು ದಿನ ಆಂಟಿ ಬದುಕಲಿಲ್ಲ. ಹೃದಯ ನಿಂತಿತು ಎಂದು ತಂಗಿಯೇ ಮೆಸೇಜು ಹಾಕಿದ್ದಳು. ಕೇಸು ಇನ್ನೂ ನಡೆಯುತ್ತಿದೆ.

ಕಳೆದ ಭಾನುವಾರ ಸ್ಯಾನ್ ರಮೋನಿನಲ್ಲಿ ನಮ್ಮವರದೇ ಪಾಟ್‌ಲಕ್ಕು, ಮನೆಗೊಂದು ಅಡುಗೆ ತಂದು ಒಟ್ಟಿಗೆ ಉಣ್ಣುವುದು. ನಮ್ಮ ಊರಿನ ರಾಜಕೀಯದ ಮಾತು ಬಂತು. "ಕೋರ್ಟು ಗೀರ್ಟು ಅಂತ ಕಾಯದೆ ಮುಗಿಸಿಬಿಡೋನೊಬ್ಬ ನಮಗೂ ಬೇಕು ಕಣ್ರೀ" ಎಂದರು ಒಬ್ಬರು. ಎಲ್ಲರೂ ನಕ್ಕರು. ಆಂಟಿಯ ವಿಷಯ ಹೇಳಬೇಕೆಂದು ಬಾಯಿವರೆಗೆ ಬಂತು. ಹೇಳಲಿಲ್ಲ. ತಟ್ಟೆ ನೋಡಿಕೊಂಡು ಊಟ ಮುಗಿಸಿದೆ.