ಗುಂಡಿ ಕಟ್ಟಿದ ಚೀಟಿಗಳು

ಇಂಗ್ಲೆಂಡಿನ ಲಡ್ಲೋ ಊರಿನ ಸಂತೆಬೀದಿಯಲ್ಲಿ ಟ್ಯಾಬಿತಾ ಪ್ರೀಸ್‌ಗೆ ಒಂದು ಗುಂಡಿ-ದಾರದ ಅಂಗಡಿಯಿತ್ತು. ಮದುವೆಯಾಗಿರಲಿಲ್ಲ, ಶಾಲೆ ಕಂಡದ್ದು ಆರೇ ವರ್ಷ. ಆದರೆ ಓದುವ ಹುಚ್ಚು ವಿಪರೀತ. ಊರಿನ ಮುದಿ ಪಾದ್ರಿಗಳು ಅದನ್ನು ಕಂಡು ತಮ್ಮ ಪುಸ್ತಕದ ಕೋಣೆಯ ಬೀಗದ ಕೈಯನ್ನೇ ಅವಳಿಗೆ ಕೊಟ್ಟಿದ್ದರು. ಇಂಗ್ಲಿಷಿನ ದೊಡ್ಡ ನಿಘಂಟೊಂದು ತಯಾರಾಗುತ್ತಿದೆ, ಹಳೆಯ ಪುಸ್ತಕಗಳಿಂದ ಪದ ಆರಿಸಿ ಕಳಿಸುವವರು ಬೇಕು, ಸಂಬಳವಿಲ್ಲ ಎಂದು ಪತ್ರಿಕೆಯಲ್ಲಿ ಬಂದಾಗ ಅವಳ ಹೆಸರು ಬರೆದು ಕಳಿಸಿದವರೂ ಅವರೇ.

ಕೆಲಸಕ್ಕೆ ಕಟ್ಟುನಿಟ್ಟಿನ ಕ್ರಮವಿತ್ತು. ಒಂದು ಚೀಟಿಗೆ ಒಂದೇ ಪದ. ಮೇಲ್ಗಡೆ ಪದ, ಪುಸ್ತಕದ ಹೆಸರು, ಅದು ಅಚ್ಚಾದ ವರ್ಷ. ಕೆಳಗೆ ಆ ಪದ ಬಂದ ಪೂರ್ತಿ ವಾಕ್ಯ, ಪದದ ಅಡಿಗೊಂದು ಗೆರೆ. ಕಾಗದದ ಒಂದೇ ಮಗ್ಗುಲಿಗೆ ಬರೆಯಬೇಕು. ಯಾವ ಕಾಲದಲ್ಲಿ ಜನ ಯಾವ ಪದವನ್ನು ಯಾವ ಅರ್ಥಕ್ಕೆ ಬಳಸಿದರು ಎಂಬುದಕ್ಕೆ ಆ ಚೀಟಿಯೇ ಸಾಕ್ಷಿ.

ಒಂಬತ್ತು ವರ್ಷ ಬರೆದಳು. ಬರೆಯುತ್ತ ಬರೆಯುತ್ತ ಒಂದು ಸಂಗತಿ ಅವಳ ಕಣ್ಣಿಗೆ ಬಿತ್ತು: ಬಾಯಿ ತಿರುಗದ ಪದಗಳು ಇದ್ದ ಹಾಗೇ ಇದ್ದವು, ದಿನಬಳಕೆಯ ಪದಗಳೇ ಗುರುತು ಸಿಗದಷ್ಟು ಬದಲಾಗಿದ್ದವು.

“ಮೀಟ್ ಅಂದ್ರೆ ಆಗ ಬರೀ ಮಾಂಸ ಅಲ್ಲ ಕಣೇ, ತಿನ್ನೋದೆಲ್ಲಾ ಮೀಟೇ,” ಎಂದು ತಂಗಿ ಡೈನಾಗೆ ಹೇಳುತ್ತಿದ್ದಳು. “ಗರ್ಲ್ ಅಂದ್ರೆ ಹೆಣ್ಣೇ ಆಗ್ಬೇಕಿರ್ಲಿಲ್ಲ, ಗಂಡು ಮಗೂನೂ ಗರ್ಲೇ!”

“ಹಂಗಾದ್ರೆ ಆ ಕಟುಕ ಪ್ರಾಸರ್‌ಗೆ ಹೇಳು, ಮೀಟ್ ಅಂತ ಮೂಳೆ ತೂಗಿ ಕೊಡ್ತಾನಲ್ಲ,” ಎಂದು ಡೈನಾ ನಗುತ್ತಿದ್ದಳು.

ಹೀಗೆ ಸಾಧಾರಣ ಪದಗಳದ್ದೇ ಮೂರು ಪೆಟ್ಟಿಗೆ ತುಂಬಿತು. ಚೀಟಿ ಒಯ್ಯಲು ನಿಘಂಟಿನ ಕಚೇರಿಯಿಂದ ಲ್ಯಾವಿಂಗ್ಟನ್ ಎಂಬ ಸಹಾಯಕ ಸಂಪಾದಕ ಬಂದ. ವಿಚಿತ್ರ ಪದಗಳ ಕಟ್ಟನ್ನು ಚೀಲಕ್ಕೆ ಹಾಕಿಕೊಂಡ. ಮೂರು ಪೆಟ್ಟಿಗೆಗಳ ಮುಚ್ಚಳ ತೆರೆದವನು ಹಾಗೇ ಮುಚ್ಚಿದ.

“ಏನಮ್ಮಾ ಇದು? ಹೌಸು, ಮೀಟು, ಸ್ಪೂನು! ಇಷ್ಟೂ ಗೊತ್ತಿಲ್ಲದೋರಿಗೆ ನಿಘಂಟು ಯಾಕೆ? ಓದುವಾಗ ತಡೆದು ನಿಲ್ಲಿಸೋ ಪದ ಕಳಿಸಿ ಅಂದಿದ್ವಿ.”

“ಸ್ವಾಮಿ, ಇವೇ ನನ್ನನ್ನ ತಡೆದು ನಿಲ್ಲಿಸಿದ್ದು.”

“ಗುಂಡಿ ಮಾರೋರನ್ನ ಏನು ಬೇಕಾದ್ರೂ ನಿಲ್ಸುತ್ತೆ ಬಿಡಿ,” ಎಂದು ಟೋಪಿ ಏರಿಸಿದ.

ಓದಿದವರು ಹೇಳಿದರೆಂದು ಟ್ಯಾಬಿತಾ ಆ ಮಾತನ್ನು ನಂಬಿಯೂ ಬಿಟ್ಟಳು, ಕಥೆ ಹೇಳುವ ನನಗೆ ಸಿಟ್ಟು ಬರುವುದು ಅದಕ್ಕೇ. ಪೆಟ್ಟಿಗೆಗಳನ್ನು ಗಲ್ಲಾದ ಕೆಳಗೆ ತಳ್ಳಿದಳು. ಚೀಟಿಯ ಹಿಂಬದಿ ಖಾಲಿ, ಕಾಗದ ಗಟ್ಟಿ. ಡೈನಾ ಅವುಗಳಲ್ಲೇ ಗುಂಡಿ ಕಟ್ಟಿ ಕೊಡತೊಡಗಿದಳು. ಟ್ಯಾಬಿತಾ ನೋಡಿಯೂ ಬೇಡ ಎನ್ನಲಿಲ್ಲ. ಎರಡು ವರ್ಷದಲ್ಲಿ ಮೂರು ಪೆಟ್ಟಿಗೆಯೂ ಬರಿದಾದವು. ಅಷ್ಟರಲ್ಲಿ ಪಾದ್ರಿಗಳು ತೀರಿಕೊಂಡರು, ಅವರ ಪುಸ್ತಕಗಳೆಲ್ಲ ಹರಾಜಾಗಿ ಯಾವ ಊರಿಗೋ ಹೋದವು.

ಮರುವರ್ಷ ಕಚೇರಿಯಿಂದ ಸುತ್ತೋಲೆ ಬಂತು. ಓದುಗರೆಲ್ಲರೂ ಅಪರೂಪದ ಪದಗಳನ್ನೇ ರಾಶಿ ಹಾಕಿದ್ದಾರೆ, ಸಾಧಾರಣ ಪದಗಳಿಗೆ ಸಾಕ್ಷಿಯೇ ಇಲ್ಲದೆ ಕೆಲಸ ನಿಂತಿದೆ, ದಯವಿಟ್ಟು ಕಳಿಸಿ ಎಂದಿತ್ತು. ಅಡಿಯಲ್ಲಿ ಲ್ಯಾವಿಂಗ್ಟನ್ ಕೈಯಾರೆ ಬರೆದಿದ್ದ: “ತಮ್ಮಲ್ಲಿ ಮೂರು ಪೆಟ್ಟಿಗೆ ಇದ್ದ ನೆನಪು. ಕೂಡಲೇ ಕಳಿಸುವುದು.”

ಟ್ಯಾಬಿತಾ ಅಂಗಡಿ ಮುಚ್ಚಿ ಗಿರಾಕಿಗಳ ಮನೆ ಮನೆ ಅಲೆದಳು. “ಗುಂಡಿ ಕಟ್ಟಿದ್ದ ಕಾಗದ ಏನಾದ್ರೂ ಇಟ್ಟಿದ್ದೀರೇನಮ್ಮಾ?” ಎಂದು ಕೇಳಿದರೆ ಕೆಲವರು ನಕ್ಕರು, ಕೆಲವರು ಒಲೆ ತೋರಿಸಿದರು. ಹನ್ನೊಂದು ದಿನ ಸುತ್ತಿದ ಮೇಲೆ ಮಿಸೆಸ್ ಯಾಪ್‌ಳ ಹೊಲಿಗೆ ಡಬ್ಬಿಯಲ್ಲಿ ಒಂದೇ ಒಂದು ಸಿಕ್ಕಿತು, ಮೀಟ್ ಪದದ್ದು.

“ಡಬ್ಬಿಗೆ ದೊಡ್ಡದಾಯ್ತು ಅಂತ ಮೇಲ್ಗಡೆ ಕತ್ತರಿಸ್ಬಿಟ್ಟೆ ಕಣಕ್ಕ,” ಎಂದಳು ಯಾಪ್.

ವರ್ಷವೂ ಪುಸ್ತಕದ ಹೆಸರೂ ಕತ್ತರಿಯ ಪಾಲಾಗಿದ್ದವು. ಟ್ಯಾಬಿತಾಗೆ ಎರಡೂ ಬಾಯಿಪಾಠ. ಎರಡನ್ನೂ ಬರೆದಳು, ಪ್ರಾಮಾಣಿಕಳಾದ್ದರಿಂದ ಪಕ್ಕದಲ್ಲಿ ‘ನೆನಪಿನಿಂದ ಬರೆದದ್ದು’ ಎಂದೂ ಸೇರಿಸಿ ಕಳಿಸಿದಳು.

ವಾರದಲ್ಲಿ ಚೀಟಿ ಹಿಂದಕ್ಕೆ ಬಂತು. ಜೊತೆಗೆ ಲ್ಯಾವಿಂಗ್ಟನ್‌ನ ಪತ್ರ: “ನೆನಪು ಸಾಕ್ಷಿಯಲ್ಲ. ಇಂತಹ ಬೆಲೆಯುಳ್ಳ ವಸ್ತುವನ್ನು ತಾವು ಜೋಪಾನ ಮಾಡದಿದ್ದುದು ವಿಷಾದದ ಸಂಗತಿ.”

ಟ್ಯಾಬಿತಾ ಎರಡು ಸಲ ಓದಿದಳು. ಅಷ್ಟರಲ್ಲಿ ಗಿರಾಕಿಯೊಬ್ಬಳು ಬಂದು ಆರು ಮೂಳೆ ಗುಂಡಿ ಕೇಳಿದಳು. ಟ್ಯಾಬಿತಾ ಚೀಟಿಯನ್ನು ಎದೆಯ ಬಳಿ ಉಡುಪಿನೊಳಗೆ ಸೇರಿಸಿಕೊಂಡಳು. ಲ್ಯಾವಿಂಗ್ಟನ್‌ನ ಪತ್ರವನ್ನು ತಿರುವಿ ನೋಡಿದಳು. ಅವನೂ ಒಂದೇ ಮಗ್ಗುಲಿಗೆ ಬರೆದಿದ್ದ. ಅದರಲ್ಲಿ ಗುಂಡಿ ಸುತ್ತಿ, ಬಿಗಿಯಾಗಿ ಮಡಚಿ, ಗಿರಾಕಿಯ ಕೈಗೆ ಕೊಟ್ಟಳು.