ಹಾಡಿಗೆ ಸಿಕ್ಕ ಆಶಾ ಅಕ್ಕನ ನಂಬರು

ಬೇವೂರಿನ ಮಲ್ಲೇಶ್ವರಿಗೆ ಆ ಹಾಡು ಮೊದಲ ಸಲ ಕೇಳಿದಾಗ ಇಷ್ಟವೇ ಆಗಿತ್ತು. ಯಲಬುರ್ಗಾದಲ್ಲಿ ತಂಗಿಯ ಮಗಳ ಮದುವೆ. ಕಲ್ಯಾಣ ಮಂಟಪದ ಹೊರಗೆ ಆಳೆತ್ತರದ ಸ್ಪೀಕರು ಇಟ್ಟುಕೊಂಡು ಹುಡುಗರು ಕುಣಿಯುತ್ತಿದ್ದರು. ಹೊಸ ಸಿನಿಮಾದ ಹಾಡಂತೆ. ಹಾಡು ಅನ್ನುವುದಕ್ಕಿಂತ ಮಾತು ಅನ್ನಬೇಕು: ಒಬ್ಬ ಹುಡುಗ ಉಸಿರು ಬಿಡದೆ ಪಟಪಟನೆ ಹೇಳುತ್ತ ಹೋಗುತ್ತಾನೆ, ಹಿಂದಿನಿಂದ ಎದೆಗೆ ಗುದ್ದುವಂಥ ಬಡಿತ. ಇಂಥವನ್ನು ಅವಳು ಮೊದಲೂ ಕೇಳಿದ್ದಳು, ಆದರೆ ಇದರಲ್ಲಿದ್ದದ್ದು ಅವಳದೇ ಊರ ಮಾತು. ಸಿನಿಮಾದಲ್ಲಿ ಈ ಕಡೆಯ ಮಾತು ಬಂದರೆ ಅದು ನಗಿಸುವವನ ಬಾಯಲ್ಲಿ. ಇಲ್ಲಿ ನಾಯಕನೇ 'ಐತಿ', 'ಹೌದಲ್ಲೋ' ಎಂದು ಎದೆ ಉಬ್ಬಿಸಿ ಹೇಳುತ್ತಿದ್ದ. ಮಲ್ಲೇಶ್ವರಿ ಊಟದ ತಟ್ಟೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದಳು. ನಡುವೆ ಯಾವುದೋ ಫೋನ್ ನಂಬರು ಬಂತು, 'ನಂಬರ ಹಚ್ಚು, ರಾಣಿ ಎತ್ತತಾಳ' ಎಂದು ಹುಡುಗರೆಲ್ಲ ಒಟ್ಟಿಗೆ ಕೂಗಿದರು. ಆ ಗದ್ದಲದಲ್ಲಿ ಅಂಕಿಗಳು ಅವಳ ಕಿವಿಗೆ ಬೀಳಲಿಲ್ಲ.

ಮಲ್ಲೇಶ್ವರಿಗೆ ನಲವತ್ನಾಲ್ಕು. ಹದಿನಾಲ್ಕು ವರ್ಷದಿಂದ ಊರಿನ ಆಶಾ ಕಾರ್ಯಕರ್ತೆ. ಬಸುರಿಯರ ಮನೆಗೆ ಹೋಗುವುದು, ಗುಳಿಗೆ ನುಂಗಿಸುವುದು, ಬೇನೆ ಶುರುವಾದರೆ ಗಾಡಿ ಕರೆಸಿ ಆಸ್ಪತ್ರೆಗೆ ಕರೆದೊಯ್ದು ಹೆರಿಗೆಯಾಗುವವರೆಗೆ ಜೊತೆಗಿರುವುದು ಅವಳ ಕೆಲಸ. ಗಂಡ ಉಮಾಪತಿ ಹಿಟ್ಟಿನ ಗಿರಣಿ ನಡೆಸುತ್ತಾನೆ. ಮಲ್ಲೇಶ್ವರಿಯ ಫೋನ್ ನಂಬರು ಊರಿನ ಮತ್ತು ಸುತ್ತಲಿನ ಹೊಲದ ಮನೆಗಳ ಸುಮಾರು ಇನ್ನೂರೈವತ್ತು ಬಾಗಿಲುಗಳ ಪಕ್ಕ ನೀಲಿ ಬಣ್ಣದಲ್ಲಿತ್ತು. ಅವಳೇ ಬರೆದದ್ದು. ಹೆಸರು ನೋಡಿ ಫೋನ್ ಹಚ್ಚಲು ಬಾರದ ಹೆಂಗಸರು ಗೋಡೆ ನೋಡಿ ಹಚ್ಚುತ್ತಿದ್ದರು.

ಮದುವೆ ಮುಗಿದು ಎರಡು ದಿನಕ್ಕೆ ಮೊದಲ ಕರೆ ಬಂತು. ಅವಳು ಅಂಗನವಾಡಿಯಲ್ಲಿ ಮಕ್ಕಳಿಗೆ ಚುಚ್ಚುಮದ್ದಿನ ಸರತಿ ಹಚ್ಚುತ್ತಿದ್ದಳು. ಯಾರೋ ಹುಡುಗ, ರಾಣಿ ಅದಾಳೇನು ಎಂದು ಕೇಳಿದ. ಇಲ್ಲಪ್ಪ, ತಪ್ಪು ನಂಬರು ಎಂದಿಟ್ಟಳು. ಚುಚ್ಚುಮದ್ದು ಮುಗಿಯುವಷ್ಟರಲ್ಲಿ ಇನ್ನೂ ಹದಿನೇಳು ಮಂದಿ ರಾಣಿಯನ್ನು ಕೇಳಿದ್ದರು. ಮರುದಿನ ಫೋನು ಕೈಯಲ್ಲಿ ಬಿಸಿಯಾಗಿಯೇ ಇತ್ತು. ದಾವಣಗೆರೆಯಿಂದ, ಬೀದರಿನಿಂದ, ಎಲ್ಲಿಯೋ ಮಹಾರಾಷ್ಟ್ರದಿಂದ. ಕೆಲವರು ನಕ್ಕು ಇಟ್ಟುಬಿಡುತ್ತಿದ್ದರು. ಕೆಲವರು ಇಡೀ ಹಾಡು ಹಾಡುತ್ತಿದ್ದರು. ಕೆಲವರು ಹೇಳಿದ ಮಾತನ್ನು ಅವಳು ಗಂಡನಿಗೂ ಹೇಳಲಿಲ್ಲ.

ಕಾರಣ ಕಂಡುಹಿಡಿದದ್ದು ಉಮಾಪತಿ. ಗಿರಣಿಗೆ ಬಂದ ಯಾರೋ ಮೊಬೈಲಿನಲ್ಲಿ ಆ ಹಾಡು ಹಾಕಿದ್ದರು. ಜೋಳದ ಪುಟ್ಟಿ ಎತ್ತುತ್ತಿದ್ದವನು ಅಲ್ಲಿಯೇ ನಿಂತ. ಹಾಡಿನವನು ಹೇಳಿದ ಹತ್ತು ಅಂಕಿಯೂ ಹೆಂಡತಿಯ ನಂಬರಿನವು, ಒಂದೂ ಆಚೀಚೆ ಇಲ್ಲ.

ನಂಬರು ಬದಲಿಸು ಎಂದು ಎಲ್ಲರೂ ಹೇಳಿದರು. ಹೇಳುವುದು ಸುಲಭ. ಆ ತಿಂಗಳು ದಿನ ತುಂಬುವ ಬಸುರಿಯರು ಐದು ಮಂದಿ ಇದ್ದರು, ಐವರ ಮನೆಯ ಗೋಡೆಯ ಮೇಲೂ ತಾಯಿ ಕಾರ್ಡಿನ ಮೇಲೂ ಇದೇ ನಂಬರು. ಮಲ್ಲೇಶ್ವರಿ ಫೋನು ಆರಿಸುವಂತಿರಲಿಲ್ಲ, ಗುರುತಿಲ್ಲದ ನಂಬರೆಂದು ಬಿಡುವಂತಿರಲಿಲ್ಲ. ಬೇನೆ ತಿನ್ನುವವಳ ಮನೆಯವರು ಯಾರ ಫೋನಿನಿಂದ ಹಚ್ಚುತ್ತಾರೋ ಯಾರಿಗೆ ಗೊತ್ತು? ಅವಳು ಪ್ರತಿಯೊಂದನ್ನೂ ಎತ್ತಿದಳು. ರೊಟ್ಟಿ ಬಡಿಯುತ್ತ ಎತ್ತಿದಳು, ಬಚ್ಚಲಿನಿಂದ ಓಡಿ ಬಂದು ಎತ್ತಿದಳು. ಊಟಕ್ಕೆ ಕೂತರೆ ಎಡಗೈಯಲ್ಲಿ ಎತ್ತಿದಳು. ಫೋನು ಐದು ನಿಮಿಷ ಸುಮ್ಮನಿದ್ದರೆ ಅದೂ ತಡೆಯುತ್ತಿರಲಿಲ್ಲ, ಕೆಟ್ಟಿತೇನೋ ಎಂದು ತೆಗೆದು ನೋಡುತ್ತಿದ್ದಳು.

ಹಾಡೋ, ಎಲ್ಲ ಕಡೆ ಹಬ್ಬಿತ್ತು. ಕೊಪ್ಪಳದ ಆಟೋಗಳಲ್ಲಿ ಅದೇ, ಗಂಗಾವತಿಯ ಭತ್ತದ ಟ್ರ್ಯಾಕ್ಟರುಗಳಲ್ಲಿ ಅದೇ, ಅಂಜನಾದ್ರಿ ನೋಡಲು ಬಂದವರು ಹನುಮನಹಳ್ಳಿ ರಸ್ತೆಯಲ್ಲಿ ನಿಂತು ಅದಕ್ಕೇ ಕುಣಿದು ವಿಡಿಯೋ ಮಾಡುತ್ತಿದ್ದರು. ನಮ್ಮ ಜಿಲ್ಲೆಯ ಮಾತು ಗೆದ್ದಿತು ಎಂದು ಪತ್ರಿಕೆಯಲ್ಲಿ ಬಂತು. ಹಾಡು ಬರೆದು ಹಾಡಿದವನು ಕುಷ್ಟಗಿಯ ನಜೀಬ ಎಂಬ ಇಪ್ಪತ್ತನಾಲ್ಕರ ಯುವಕ ಎಂದೂ ಬಂತು. ಉಮಾಪತಿ ಅದನ್ನು ಓದಿ ಹೇಳಿದಾಗ ಮಲ್ಲೇಶ್ವರಿ ಕುತ್ತಿಗೆಗೆ ಫೋನು ಸಿಕ್ಕಿಸಿಕೊಂಡು ಇನ್ಯಾರಿಗೋ ರಾಣಿ ಇಲ್ಲ ಎಂದು ಹೇಳುತ್ತಿದ್ದಳು.

ಒಂಬತ್ತನೆಯ ದಿನ ಯಲಬುರ್ಗಾದಲ್ಲಿ ಆಶಾ ಕಾರ್ಯಕರ್ತೆಯರ ತಿಂಗಳ ಸಭೆ. ಫೋನು ಒಂದೇ ಸಮ ಹೊಡೆದುಕೊಳ್ಳುತ್ತಿತ್ತು. ಸದ್ದು ನಿಲ್ಲಿಸಿದರೆ ಮೇಜಿನ ಮೇಲೆ ನಡುಗುತ್ತಿತ್ತು. ಸುತ್ತಲಿನವರು ತಿರುಗಿ ನೋಡಿದರು, ಒಬ್ಬಿಬ್ಬರು ಬಾಯಿಗೆ ಸೆರಗು ಹಿಡಿದು ನಕ್ಕರು. ಮಲ್ಲೇಶ್ವರಿಗೆ ಅಳು ಬಂದಂತಾಯಿತು. ಒಂದು ತಾಸು, ಬರೀ ಒಂದು ತಾಸು ಎಂದುಕೊಂಡು ಫೋನು ಆರಿಸಿ ಚೀಲದಲ್ಲಿ ಹಾಕಿದಳು. ಆ ಒಂದು ತಾಸು ಅವಳಿಗೆ ಎಷ್ಟು ಹಾಯೆನಿಸಿತೆಂದರೆ ಸಭೆ ಮುಗಿದು ಬಸ್ಸು ಹತ್ತಿದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡಳು.

ಫೋನು ಚಾಲು ಮಾಡಿದಾಗ ತಪ್ಪಿದ ಕರೆಗಳ ಸಂದೇಶಗಳು ಸಾಲಾಗಿ ಬಂದವು. ಅದರಲ್ಲಿ ಹನ್ನೊಂದು ಗವಿಸಿದ್ದೇಶನವು. ಊರಿನಿಂದ ಎರಡು ಕಿಲೋಮೀಟರಿನ ಹೊಲದ ಮನೆಯವನು, ಅವನ ಹೆಂಡತಿ ಶಾಂಭವಿಗೆ ಇಪ್ಪತ್ತೊಂದು ವರ್ಷ, ಚೊಚ್ಚಲು, ರಕ್ತ ಕಡಿಮೆ. ದಿನ ತುಂಬಲು ಇನ್ನೂ ಎರಡು ವಾರ ಇತ್ತು. ಮಲ್ಲೇಶ್ವರಿ ತಿರುಗಿ ಹಚ್ಚಿದಾಗ ಗವಿಸಿದ್ದೇಶ, ಕೊಪ್ಪಳದ ಆಸ್ಪತ್ರೆಗೆ ಹೊರಟಿದ್ದೇವೆ ಎಂದಷ್ಟೇ ಹೇಳಿ ಇಟ್ಟ.

ಬೇನೆ ಬೇಗ ಬಂದಿತ್ತು. ಆಶಾ ಅಕ್ಕ ಎತ್ತುತ್ತಾಳೆ, ಅವಳೇ ಗಾಡಿ ಕರೆಸುತ್ತಾಳೆ ಎಂದು ಅವರು ಕಾದಿದ್ದರು. ಕಾದು ಸಾಕಾಗಿ ಪಕ್ಕದ ಹೊಲದವರ ಟಂಟಂ ಆಟೋದಲ್ಲಿ ಕೂರಿಸಿಕೊಂಡು ಹೊರಟಿದ್ದರು. ಮಗು ದಾರಿಯಲ್ಲೇ ಹುಟ್ಟಿತು. ರಕ್ತ ನಿಲ್ಲಲಿಲ್ಲ. ಯಲಬುರ್ಗಾದಿಂದ ಕೊಪ್ಪಳಕ್ಕೆ ಕಳಿಸಿದ್ದರು. ಇದೆಲ್ಲ ಅವಳಿಗೆ ತಿಳಿದದ್ದು ಬಸ್ಸು ಇಳಿದು, ಎದುರು ದಿಕ್ಕಿನ ಬಸ್ಸು ಹಿಡಿದು, ಜಿಲ್ಲಾ ಆಸ್ಪತ್ರೆ ಮುಟ್ಟಿದ ಮೇಲೆ. ಶಾಂಭವಿಗೆ ಎರಡನೆಯ ಬಾಟಲಿ ರಕ್ತ ಹೋಗುತ್ತಿತ್ತು. ಜೀವಕ್ಕೆ ಭಯವಿಲ್ಲ ಎಂದು ಡಾಕ್ಟರು ಆಗಷ್ಟೇ ಹೇಳಿದ್ದರು. ಅತ್ತೆ ಪಂಪಾವತಿ ಮಗುವನ್ನು ಎದೆಗೆ ಒತ್ತಿಕೊಂಡು ಗೋಡೆಗೊರಗಿ ಕೂತಿದ್ದಳು. ಬೈಯಲಿಲ್ಲ.

"ಹನ್ನೊಂದು ಸಲ ಹಚ್ಚೀವಿ, ಮಲ್ಲವ್ವ" ಎಂದಳು, ಅಷ್ಟೇ.

ಮರುದಿನ ಬೆಳಿಗ್ಗೆ ಮಲ್ಲೇಶ್ವರಿ ಕುಷ್ಟಗಿಗೆ ಹೊರಟಳು. ಉಮಾಪತಿ ತಾನೂ ಬರುತ್ತೇನೆ ಎಂದ, ಬೇಡ ಎಂದಳು. ಅಲ್ಲಿಗೆ ಹೋಗಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿದಳು, ಕೆಡವಿದಳು. ಬಸ್ ನಿಲ್ದಾಣದ ಎದುರಿಗೇ ಕಪ್ಪು ಕನ್ನಡಕದ ನಜೀಬನ ಫ್ಲೆಕ್ಸು ಇತ್ತು. ಮನೆ ಕೇಳಬೇಕಾಗಿಯೂ ಬರಲಿಲ್ಲ, ಫ್ಲೆಕ್ಸು ನೋಡುತ್ತ ನಿಂತದ್ದು ಕಂಡು ಒಬ್ಬ ಆಟೋದವನು ತಾನಾಗಿಯೇ ಕರೆದೊಯ್ದ.

ಬಾಗಿಲು ತೆಗೆದ ಹೆಂಗಸು ಅವಳನ್ನು ಒಂದು ಗಳಿಗೆ ನೋಡಿ ಎರಡೂ ಕೈ ಹಿಡಿದುಕೊಂಡಳು. "ಆಶಾ ಅಕ್ಕಾರಲ್ಲ ನೀವು? ಬರ್ರಿ, ಒಳಗ ಬರ್ರಿ. ಗುರ್ತು ಸಿಗಲಿಲ್ಲೇನ್ರಿ?"

ಸಿಕ್ಕಿತು, ಸ್ವಲ್ಪ ತಡವಾಗಿ. ಹಸೀನಾಬೇಗಂ. ಗಂಡ ಮಕ್ಬುಲಸಾಬ ಗಾದಿ ಹೊಲಿಯುತ್ತಿದ್ದ. ಹನ್ನೊಂದು ವರ್ಷದ ಹಿಂದೆ ಈ ಕುಟುಂಬ ಬೇವೂರಿನಲ್ಲಿ ಬಾಡಿಗೆಗೆ ಇತ್ತು. ಮಗಳು ಖುಷ್ಬು ಹೆರಿಗೆಗೆ ಅಲ್ಲಿಗೇ ಬಂದಿದ್ದಳು. ಜಗಳಕ್ಕೆಂದು ಬಂದವಳ ಮುಂದೆ ಚಹಾ ಬಂತು, ಬಿಸ್ಕೀಟು ಬಂತು. ಮಲ್ಲೇಶ್ವರಿ ಮುಟ್ಟಲಿಲ್ಲ. ನಿಮ್ಮ ಮಗ ಎಲ್ಲಿ ಎಂದಳು.

ನಜೀಬ ಭಾವನ ದಾಳಿಂಬೆ ತೋಟದಿಂದ ಬಂದ. ಫ್ಲೆಕ್ಸಿನಲ್ಲಿದ್ದ ದರ್ಪ ಯಾವುದೂ ಇಲ್ಲದ, ಸಣ್ಣ ಹೆಗಲಿನ ಹುಡುಗ. ಮಲ್ಲೇಶ್ವರಿ ದಾರಿಯಲ್ಲಿ ಜೋಡಿಸಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ.

"ನನ್ನ ನಂಬರ ನಿನಗ ಯಾರು ಕೊಟ್ರು?" ಎಂದು ಕೇಳಿದಳು.

ಅವನಿಗೆ ಅರ್ಥವಾಗಲಿಲ್ಲ. ಹಾಡಿನ ನಂಬರು ಎಂದು ಬಿಡಿಸಿ ಹೇಳಿದ ಮೇಲೆ ಮುಖದ ಬಣ್ಣ ಇಳಿಯಿತು. "ಯಾರೂ ಕೊಟ್ಟಿಲ್ರಿ. ಸುಳ್ಳ ನಂಬರ ಅಂತನ ಹೇಳೀನಿ. ರೆಕಾರ್ಡಿಂಗನ್ಯಾಗ ಹತ್ತ ಅಂಕಿ ಬೇಕಂದ್ರು, ಬಾಯಿಗಿ ಬಂದಿದ್ದ ಹೇಳಿದೆ."

ಹಸೀನಾಬೇಗಂ ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಳ್ಳುತ್ತಿದ್ದವಳು ಕೈ ಅಲ್ಲಿಯೇ ನಿಲ್ಲಿಸಿದಳು. ಅವಳಿಗೆ ನೆನಪಾಯಿತು, ಹೇಳತೊಡಗಿದಳು. ಖುಷ್ಬುಗೆ ಬೇನೆ ಶುರುವಾದಾಗ ಮಕ್ಬುಲಸಾಬ ಊರಲ್ಲಿರಲಿಲ್ಲ, ಮನೆಯ ಫೋನು ಸತ್ತಿತ್ತು. ಹದಿಮೂರರ ನಜೀಬನನ್ನು ಬಾಗಿಲ ಪಕ್ಕ ನಿಲ್ಲಿಸಿ ಗೋಡೆಯ ನಂಬರು ಓದಿಸಿ, ಮರೆತರೆ ಅಕ್ಕ ಸಾಯುತ್ತಾಳೆ ಎಂದು ಹೆದರಿಸಿ ಕಿರಾಣಿ ಅಂಗಡಿಗೆ ಓಡಿಸಿದ್ದಳು. ಅವನು ದಾರಿಯುದ್ದಕ್ಕೂ ಅದನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ ಓಡಿದ್ದ. ಆ ಓಟ ಅವನಿಗೆ ಮರೆತಿತ್ತು, ಅಂಕಿಗಳು ಮರೆತಿರಲಿಲ್ಲ.

ಮಲ್ಲೇಶ್ವರಿ ಶಾಂಭವಿಯ ವಿಷಯ ಹೇಳಿದಳು. ಟಂಟಂ, ರಕ್ತ, ಹನ್ನೊಂದು ಕರೆ. ತಾನು ಫೋನು ಆರಿಸಿದ್ದನ್ನೂ ಹೇಳಿದಳು. ಬೇರೆ ಯಾರಿಗೂ ಅದನ್ನು ಹೇಳಿರಲಿಲ್ಲ. ನಜೀಬ ನೆಲಕ್ಕೆ ಕೂತ. ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಅವಳು ಅದನ್ನು ಅವನ ಕೈಗೆ ಕೊಟ್ಟಳು.

ಆ ಕಡೆಯವನು ಇವನ ಸಾಲನ್ನೇ ಇವನಿಗೆ ಹಾಡಿದ. ಇದು ಬಸುರಿ ಹೆಂಗಸರ ಫೋನು, ಇಡಣ್ಣಾ ಎಂದು ನಜೀಬ ಹೇಳಿದ. ಆ ಕಡೆಯವನು ನಕ್ಕು, ನೀ ಯಾರಲೇ, ರಾಣಿ ಗಂಡನೇನು ಎಂದ. ಮತ್ತೆ ಹೊಡೆದುಕೊಂಡಿತು. ಮತ್ತೆ. ಅವನು ಅರ್ಧ ತಾಸು ಅಲ್ಲಿಯೇ ಕೂತು ಹತ್ತೊಂಬತ್ತು ಕರೆ ಎತ್ತಿದ. ಒಬ್ಬನಿಗೂ, ಆ ಹಾಡು ಬರೆದವನು ನಾನೇ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಕೊನೆಗೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟು, ಆ ಹುಡುಗಿ ಈಗ ಹೇಗಿದ್ದಾಳೆ ಎಂದು ಕೇಳಿದ.

"ಉಳಿದಾಳ" ಎಂದಳು ಮಲ್ಲೇಶ್ವರಿ. ಆಮೇಲೆ ಆರಿದ ಚಹಾ ಎತ್ತಿಕೊಂಡಳು.

ನಜೀಬ ಸಿನಿಮಾದವರಿಗೆ ಅವಳ ಎದುರಿಗೇ ಫೋನ್ ಮಾಡಿದ. ತೆಗೆಯುತ್ತೇವೆ, ಸ್ವಲ್ಪ ದಿನ ಹಿಡಿಯುತ್ತದೆ ಎಂದರು. ತಾನೇ ಒಂದು ವಿಡಿಯೋ ಮಾಡಿ ಹಾಕಲೇ ಎಂದು ಅವನು ಕೇಳಿದ. ಮಲ್ಲೇಶ್ವರಿ ಎದ್ದು ನಿಂತವಳು, "ಹಾಕು. ಆದ್ರ ನನ್ನ ನಂಬರ ಇನ್ನೊಂದಸಲ ಹಾಡಬ್ಯಾಡ" ಎಂದಳು.

ವಿಡಿಯೋದಲ್ಲಿ ಅವನು ಬಡಿತವಿಲ್ಲದೆ, ಕನ್ನಡಕವಿಲ್ಲದೆ, ನಡೆದದ್ದನ್ನು ನಡೆದಂತೆ ಹೇಳಿದ. ಅದೂ ಹಾಡಿನಷ್ಟೇ ಬೇಗ ಹಬ್ಬಿತು. ಈಗ ಜನ ಕ್ಷಮೆ ಕೇಳಲು ಫೋನ್ ಮಾಡತೊಡಗಿದರು. ತಪ್ಪಾಯಿತು ಅಕ್ಕಾ ಎನ್ನುವವರು, ನಿಮ್ಮಂಥವರು ಇರಬೇಕು ಎನ್ನುವವರು, ಟಿವಿಗೆ ಬರುತ್ತೀರಾ ಎನ್ನುವವರು. ರಾಣಿಯನ್ನು ಕೇಳುವವರಿಗೆ ಬೈದು ಇಡಬಹುದಿತ್ತು; ಇವರಿಗೆ ಏನು ಹೇಳುವುದು? ಎರಡು ದಿನ, ಮೊದಲಿಗಿಂತಲೂ ಹೆಚ್ಚು ಕರೆ ಬಂದವು. ಮೂರನೆಯ ದಿನ ಮಲ್ಲೇಶ್ವರಿ ಇನ್ನೊಂದು ಫೋನು, ಹೊಸ ನಂಬರು ತೆಗೆದುಕೊಂಡಳು. ಉಳಿದ ನಾಲ್ವರು ಬಸುರಿಯರ ಮನೆಗೆ ಅವತ್ತೇ ನಡೆದು ಹೋಗಿ ಗೋಡೆಯ ಮೇಲಿನದನ್ನು ಅಳಿಸಿ ಹೊಸದು ಬರೆದಳು.

ಮಿಕ್ಕ ಮನೆಗಳಿಗೆ ನಜೀಬ ಬಂದ. ಬೈಕಿಗೆ ಬಣ್ಣದ ಡಬ್ಬಿ ಕಟ್ಟಿಕೊಂಡು, ಯಾರೂ ಗುರುತು ಹಿಡಿಯಬಾರದೆಂದು ಮುಖಕ್ಕೆ ಟವೆಲು ಸುತ್ತಿಕೊಂಡು. ಮೊದಲ ಓಣಿಯಲ್ಲೇ ಗುರುತು ಹಿಡಿದರು. ಹುಡುಗರು ಫೋಟೋಕ್ಕೆ ಮುಗಿಬಿದ್ದರು. ಮಲ್ಲೇಶ್ವರಿ ಅವರನ್ನೆಲ್ಲ ಗದರಿಸಿ ದಾರಿ ಮಾಡಿದಳು. ಮೂರು ದಿನ ಹೀಗೆ ನಡೆಯಿತು, ಅವಳು ಮುಂದೆ, ಅವನು ಡಬ್ಬಿ ಹಿಡಿದು ಹಿಂದೆ.

ಕಡೆಯ ದಿನ ಶಾಂಭವಿಯ ಹೊಲದ ಮನೆ. ಆಸ್ಪತ್ರೆಯಿಂದ ಬಂದು ಎರಡು ದಿನವಾಗಿತ್ತು. ನಜೀಬ ಒಳಗೆ ಬರಲಿಲ್ಲ, ಬೇಲಿಯ ಹತ್ತಿರವೇ ನಿಂತ. ಮಲ್ಲೇಶ್ವರಿ ಮಗುವನ್ನು ತೂಗಿ ನೋಡಿದಳು, ಶಾಂಭವಿಯ ಕಣ್ಣಿನ ಕೆಳಗಿನ ರೆಪ್ಪೆ ಬಿಡಿಸಿ ನೋಡಿದಳು, ಗುಳಿಗೆ ಎಣಿಸಿ ಕೊಟ್ಟಳು. ಪಂಪಾವತಿ ಅಂಗಳದಿಂದ ಬೇಲಿಯ ಕಡೆ ನೋಡಿ ಅವನ್ಯಾರು ಎಂದಳು. ಮಲ್ಲೇಶ್ವರಿ ಮುಚ್ಚಿಡದೆ ಹೇಳಿದಳು. ಮುದುಕಿ ಜೋಳ ಹಸನು ಮಾಡುತ್ತಿದ್ದ ಮೊರ ಕೆಳಗಿಟ್ಟಳು.

"ಬರದು ಹೋಗಂತ ಹೇಳು. ಅಕ್ಷರ ದೊಡ್ಡವ ಇರ್ಲಿ, ನನ್ನ ಕಣ್ಣಿಗೂ ಕಾಣಬೇಕು."

ನಜೀಬ ಬಂದು ಗೇಣುದ್ದದ ಅಂಕಿ ಬರೆದ. ಮೂರನೆಯದು ಸೊಟ್ಟಗಾಯಿತು. ಅಳಿಸಿ ಮತ್ತೆ ಬರೆದ.

ಹಾಡಿನಲ್ಲಿ ಈಗ ನಂಬರಿಲ್ಲ, ಆ ಜಾಗದಲ್ಲಿ ಒಂದು ಕೀಂ ಸದ್ದು ಬರುತ್ತದೆ. ಆದರೆ ಬಸ್ಸಿನಲ್ಲಿ ಹಾಡು ಬಂದರೆ ಹಿಂದಿನ ಸೀಟಿನ ಹುಡುಗರು ಆ ಸದ್ದಿನ ಮೇಲೆಯೇ ಹತ್ತೂ ಅಂಕಿ ಕೂಗುತ್ತಾರೆ. ಎಲ್ಲರಿಗೂ ಬಾಯಿಪಾಠ. ಮಲ್ಲೇಶ್ವರಿ ಕಿಟಕಿಯ ಆಚೆ ನೋಡುತ್ತಾಳೆ. ನಜೀಬ ಇನ್ನೊಂದು ಸಿನಿಮಾಕ್ಕೆ ಬರೆಯುತ್ತಿದ್ದಾನಂತೆ. ಅದರಲ್ಲಿ ಅಂಕಿಯೇ ಇಲ್ಲ ಎಂದು ಹಸೀನಾಬೇಗಂ ಹೇಳಿ ಕಳಿಸಿದ್ದಾಳೆ.

ಹಳೆಯ ಫೋನನ್ನು ಒಗೆದುಬಿಡು ಎಂದು ಉಮಾಪತಿ ಎಷ್ಟು ಹೇಳಿದರೂ ಮಲ್ಲೇಶ್ವರಿ ಕೇಳಿಲ್ಲ. ದಿನಾ ಚಾರ್ಜು ಮಾಡುತ್ತಾಳೆ, ಎರಡೂ ಫೋನು ಚೀಲದಲ್ಲಿರುತ್ತವೆ. ಕರೆಗಳು ಇಳಿದು ಇಳಿದು ಕಳೆದ ತಿಂಗಳು ಬಂದವು ನಾಲ್ಕೇ. ಮೂವರು ರಾಣಿಯನ್ನು ಕೇಳಿದರು. ನಾಲ್ಕನೆಯದು ಹನುಮನಹಳ್ಳಿಯಿಂದ, ಬೇವೂರಿನಿಂದ ಮದುವೆಯಾಗಿ ಹೋದ ಹುಡುಗಿ, ತುಂಬು ಬಸುರಿ. ಅವಳಿಗೆ ನೆನಪಿದ್ದ ನಂಬರು ಅದೊಂದೇ. ಅತ್ತೆ ಮಾವ ಕೆಲಸಕ್ಕೆ ಹೋಗಿದ್ದಾರೆ, ಹೊಟ್ಟೆ ಹಿಂಡುತ್ತಿದೆ ಎಂದಳು. ಮಲ್ಲೇಶ್ವರಿ ಒಂದು ಫೋನಿನಲ್ಲಿ ಅವಳನ್ನು ಮಾತಾಡಿಸುತ್ತಲೇ ಇನ್ನೊಂದರಲ್ಲಿ ಆ ಊರಿನ ಆಶಾ ಕಾರ್ಯಕರ್ತೆಯನ್ನು ಹಿಡಿದು ಆ ಮನೆಗೆ ಓಡಿಸಿದಳು. ಗಾಡಿ ಬಂತು, ಗಂಗಾವತಿಯ ಆಸ್ಪತ್ರೆ ಮುಟ್ಟಿದರು. ಅಲ್ಲಿಯವರೆಗೆ ಮಲ್ಲೇಶ್ವರಿ ಗಿರಣಿಯಿಂದ ಮನೆಗೆ, ಮನೆಯಿಂದ ಗಿರಣಿಗೆ ಅಡ್ಡಾಡುತ್ತಲೇ ಇದ್ದಳು. ಸಂಜೆ ಐದರ ಸುಮಾರಿಗೆ ಹೆರಿಗೆ ಆಯಿತು, ತಾಯಿ ಹುಷಾರಾಗಿದ್ದಾಳೆ ಎಂದು ಸುದ್ದಿ ಬಂತು. ಮಲ್ಲೇಶ್ವರಿ ಛಲೋ ಆತು ಎಂದು ಫೋನಿಟ್ಟು ಕಟ್ಟೆಯ ಮೇಲೆ ಕೂತಳು. ಮಗು ಗಂಡೋ ಹೆಣ್ಣೋ ಎಂದು ಉಮಾಪತಿ ಕೇಳಿದಾಗಲೇ ಅದನ್ನು ತಾನು ಕೇಳಿಯೇ ಇಲ್ಲ ಎಂಬುದು ಅವಳಿಗೆ ಹೊಳೆದದ್ದು.