ನನ್ನ ಕಂಡರೆ ಎದ್ದು ನಿಲ್ಲುವವಳು

ನನಗೆ ಹೊಟ್ಟೆಕಿಚ್ಚು ಬಂದದ್ದು ಒಂದು ಕುರ್ಚಿಯ ವಿಷಯಕ್ಕೆ. ಅದಕ್ಕೆ ಬೇರೆ ಯಾವುದಾದರೂ ಚಂದದ ಹೆಸರು ಕೊಡಬಹುದಿತ್ತು, ಕೊಡಲು ನನಗೆ ಬರುತ್ತದೆ ಕೂಡ, ಏಕೆಂದರೆ ನನ್ನ ಕಸುಬೇ ಅದು. ಹಾವೇರಿಯ ಒಂದು ಮಾನಸಿಕ ಆರೋಗ್ಯ ಕೇಂದ್ರದಲ್ಲಿ ನಾನು ಆಪ್ತ ಸಮಾಲೋಚಕಿ. ನಿದ್ದೆ ಬಾರದವರು, ಅಳು ನಿಲ್ಲದವರು, ಕುಡಿತ ಬಿಡಲಾಗದವರು ನನ್ನೆದುರು ಕೂತು ಮಾತಾಡುತ್ತಾರೆ, ನಾನು ಕೇಳುತ್ತೇನೆ. ಒಳಗೆ ಏನಾಗುತ್ತಿದೆಯೋ ಅದನ್ನು ಅದರ ಹೆಸರಿನಿಂದಲೇ ಕರೆಯಿರಿ ಎಂದು ದಿನಬೆಳಗಾದರೆ ಅವರಿಗೆ ಹೇಳುತ್ತೇನೆ. ಊರಿಗೆಲ್ಲ ಹೇಳಿದ್ದನ್ನು ನಾನೂ ಪಾಲಿಸಬೇಕಲ್ಲ. ಅದು ಬೇಸರ ಆಗಿರಲಿಲ್ಲ, ಕಳವಳವೂ ಆಗಿರಲಿಲ್ಲ. ಹೊಟ್ಟೆಕಿಚ್ಚು.

ಕಿಚ್ಚು ಹಚ್ಚಿದವಳು ರಾಣೇಬೆನ್ನೂರಿನಲ್ಲಿ ಇದೇ ಕೆಲಸ ಮಾಡುತ್ತಾಳೆ. ಮೇಡ್ಲೇರಿಯ ರೈತರ ಮನೆಯ ಹುಡುಗಿ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಕಲಿಯಲೆಂದು ಅವಳನ್ನು ಹಾವೇರಿಗೆ, ನನ್ನ ಪಕ್ಕಕ್ಕೆ ಕಳಿಸಿದ್ದರು. ಬಂದವರು ಅತ್ತರೆ ಇವಳ ಕಣ್ಣಲ್ಲೂ ನೀರು. ಗಡಬಡಿಸಿ ಎದ್ದು ಅವರ ಕೈಗೆ ನೀರಿನ ಲೋಟ ಕೊಡುವಳು. ಹಾಗೆ ಕೊಡಬೇಡ, ಲೋಟ ಕೊಟ್ಟರೆ ಅಳು ಸಾಕು ಮಾಡು ಎಂದು ಹೇಳಿದಂತೆ ಆಗುತ್ತದೆ, ಅವರು ಅಳುವಷ್ಟು ಅಳಲಿ, ನೀನು ಜೊತೆಗೆ ಕೂತಿರು ಎಂದು ಹೇಳಿಕೊಟ್ಟವಳು ನಾನು. ಸುಮ್ಮನೆ ಕೂರುವುದು ಎಷ್ಟು ಕಷ್ಟದ ಕೆಲಸ ಎಂದು ಅವಳಿಗೆ ಗೊತ್ತಾದದ್ದು ನನ್ನ ಕೋಣೆಯಲ್ಲಿ.

ನಾನು ಒಳಗೆ ಕಾಲಿಟ್ಟರೆ ಅವಳು ಎದ್ದು ನಿಲ್ಲುತ್ತಿದ್ದಳು. ದೊಡ್ಡವರು ಬಂದಾಗ ಏಳುವುದು ನಮ್ಮ ಕಡೆ ಹೊಸ ರೂಢಿಯೇನಲ್ಲ. ಆದರೆ ಇವಳು ತುತ್ತು ಬಾಯಲ್ಲಿದ್ದರೂ ಏಳುವಳು. ಫೋನಿನಲ್ಲಿ ನನ್ನ ದನಿ ಕೇಳಿದರೂ ಎದ್ದು ನಿಂತೇ ಮಾತಾಡುತ್ತಾಳೆಂದು ಅವಳ ಗಂಡ ಒಮ್ಮೆ ನನ್ನ ಮುಂದೆ ನಕ್ಕಿದ್ದ. “ಕುಂದ್ರವಾ ಸುಮ್ನ” ಎಂದು ನಾನು ಗದರುತ್ತಿದ್ದೆ. ಗದರಿದ್ದು ಬಾಯಿಮಾತಿಗೆ. ಅವಳು ಏಳುವುದು ನನಗೆ ಬಹಳ ಹಿತವಾಗಿತ್ತು.

ಹೀಗಿರುವಾಗ ನಮ್ಮ ಸಂಸ್ಥೆಯವರು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೂರೂ ಕಡೆಯ ಸಮಾಲೋಚಕರಿಗೆ ಒಬ್ಬ ಮೇಲ್ವಿಚಾರಕರು ಬೇಕೆಂದು ನಿರ್ಧರಿಸಿದರು. “ಅಂದ್ರ ಇನ್ನ ಮ್ಯಾಲೆ ಎಲ್ಲಾರ ಹಾಜರಿ ತಗೊಳ್ಳಾಕಿ ನೀನ?” ಎಂದು ನನ್ನ ಗಂಡ ಕೇಳಿದರು. ಹಾಜರಿಯ ಕೆಲಸ ಅಲ್ಲ ಅದು. ನಾವು ಊರವರ ಭಾರ ಕೇಳಿ ಕೇಳಿ ಹೊತ್ತು ತಿರುಗುತ್ತೇವಲ್ಲ, ಆ ನಮ್ಮ ಭಾರವನ್ನು ಯಾರಾದರೂ ಕೇಳಬೇಕು. ನಾವು ಎಲ್ಲಿ ಎಡವಿದೆವು, ಯಾರ ಮೇಲೆ ನಮಗೇ ತಿಳಿಯದೆ ಸಿಟ್ಟಾದೆವು ಎಂಬುದನ್ನು ನಮ್ಮ ಬಾಯಿಂದಲೇ ಹೊರಡಿಸಬೇಕು. ಅದು ಮೇಲ್ವಿಚಾರಣೆ. ಎಲ್ಲರಿಗೂ ತರಬೇತಿ ಕೊಡಿಸಿ ಕೊನೆಗೆ ಒಬ್ಬರನ್ನು ಆರಿಸುತ್ತೇವೆ ಎಂದರು ಸಂಸ್ಥೆಯವರು.

ಆರಿಸುವುದೇನು ಬಂತು ಎಂದುಕೊಂಡೆ. ಇಷ್ಟು ವರ್ಷ ಎಲ್ಲರೂ ಕಷ್ಟ ಬಂದಾಗ ಫೋನ್ ಹಚ್ಚುತ್ತಿದ್ದದ್ದು ನನಗೆ. ಆ ಕುರ್ಚಿಯ ಮೇಲೆ ಮನಸ್ಸಿನಲ್ಲೇ ಕೂತು ಆಗಿತ್ತು. ತರಬೇತಿ ಕೊಡಲು ಧಾರವಾಡದಿಂದ ಬರುವ ಮೇಡಂ ಅವರಿಗೆ ಕೊನೆಯ ದಿನ ಹಾಕಲು ಹಾವೇರಿಯ ಏಲಕ್ಕಿ ಹಾರ ತರುವ ಜವಾಬ್ದಾರಿಯನ್ನೂ ನಾನೇ ಕೇಳಿ ಪಡೆದೆ. ಹಿರಿಯಳು ಎಂದ ಮೇಲೆ ಇಂಥದ್ದೆಲ್ಲ ಮಾಡಬೇಕಾಗುತ್ತದೆ.

ತರಬೇತಿ ನಡೆದದ್ದು ರಾಣೇಬೆನ್ನೂರಿನಲ್ಲಿ, ಬೀಜದ ಅಂಗಡಿಯೊಂದರ ಮೇಲಿನ ಹಾಲಿನಲ್ಲಿ. ಕೆಳಗೆ ಹತ್ತಿಬೀಜ, ಗೋವಿನಜೋಳದ ಬೀಜ ಕೇಳುವವರ ಗದ್ದಲ. ಮೇಲೆ ಎದುರುಬದುರು ಎರಡು ಕುರ್ಚಿ. ಒಬ್ಬರು ಸಮಾಲೋಚಕರಾಗಿ ತಮಗೆ ಕಷ್ಟ ಕೊಡುತ್ತಿರುವ ಒಬ್ಬ ರೋಗಿಯ ವಿಷಯ ಹೇಳಬೇಕು, ಇನ್ನೊಬ್ಬರು ಮೇಲ್ವಿಚಾರಕರಾಗಿ ಕೇಳಬೇಕು, ಉಳಿದವರು ಸುತ್ತ ಕೂತು ನೋಡಬೇಕು. ಮೊದಲು ಮೇಲ್ವಿಚಾರಕಿಯ ಕುರ್ಚಿಗೆ ನಾನು ಹೋದೆ. ಬ್ಯಾಡಗಿಯಿಂದ ಬಂದಿದ್ದ ಸಮಾಲೋಚಕ ಒಬ್ಬ ಕುಡುಕ ತಂದೆಯ ವಿಷಯ ತೆಗೆದ. ಅವನು ಮಾತು ಮುಗಿಸುವ ಮೊದಲೇ ನನಗೆ ಉತ್ತರ ಹೊಳೆದಿತ್ತು. ಹೆಂಡತಿಯನ್ನು ಕರೆಸು, ಮಗನನ್ನು ಬೇರೆ ಕೂರಿಸಿ ಮಾತಾಡಿಸು, ಇಂಥ ಮಾತ್ರೆಯ ಬಗ್ಗೆ ಡಾಕ್ಟರನ್ನು ಕೇಳು ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಮೇಡಂ ಕೈ ಎತ್ತಿ ನಿಲ್ಲಿಸಿದರು. ಬಿಳಿ ಕೂದಲಿನ, ಮೆತ್ತಗೆ ಮಾತಾಡುವ ಹೆಂಗಸು. “ಅಲ್ಲಿ ಮನ್ಯಾಗ ಇರೋ ಕುಡುಕನ ಜೋಡಿ ಭಾಳ ಛಲೋ ಮಾತಾಡಿದ್ರಿ. ನಿಮ್ಮ ಮುಂದ ಕುಂತ ಈ ಮನಷ್ಯಾನ ಮಾರಿ ನೋಡಿದ್ರೇನು?”

ನೋಡಿದೆ. ಅವನ ಮುಖ ಬಿಳಿಚಿಕೊಂಡಿತ್ತು. ಆಮೇಲೆ ಗೊತ್ತಾಯಿತು, ಅವನ ಸ್ವಂತ ತಂದೆಯೂ ಕುಡಿಯುತ್ತಿದ್ದರು. ನಾವೆಲ್ಲರೂ ಅದೇ ತಪ್ಪು ಮಾಡಿದೆವು, ಎದುರಿಗಿದ್ದವರನ್ನು ಬಿಟ್ಟು ಅಲ್ಲಿಲ್ಲದ ರೋಗಿಗೆ ಮದ್ದು ಅರೆದೆವು. ಎಷ್ಟೋ ವರ್ಷ ರೋಗಿಗಳ ಎದುರು ಕೂತವರಿಗೆ ಅದು ಬಿಡಲಾರದ ಚಟ. ಆ ತಪ್ಪು ಮಾಡದವಳು ನನ್ನ ಬಳಿ ಕಲಿತ ಇವಳೊಬ್ಬಳೇ. ಇವಳು ಎದುರಿಗಿರುವವರ ಮುಖವನ್ನೇ ನೋಡುತ್ತಿದ್ದಳು. ಅದನ್ನು ಕಲಿಸಿದವಳು ನಾನು ಎಂದು ಕೂಗಿ ಹೇಳಬೇಕೆನಿಸಿತು. ಕಲಿಸಿದ್ದು ನನ್ನ ಕೈಯಿಂದ ಹೋಗಿ ಅವಳಲ್ಲಿ ಉಳಿದಿತ್ತು, ನಾವು ಕೊಟ್ಟ ಸೀರೆ ಬೇರೆಯವರು ಉಟ್ಟಾಗಲೇ ಹೆಚ್ಚು ಚಂದ ಕಾಣುವ ಹಾಗೆ.

ನಂತರ ನಮ್ಮಿಬ್ಬರನ್ನು ಎದುರುಬದುರು ಹಾಕಿದರು. ಅವಳು ಮೇಲ್ವಿಚಾರಕಿ, ನಾನು ಸಮಾಲೋಚಕಿ. ನಾನು ಬಾಗಿಲಿನಿಂದ ಒಳಗೆ ಬಂದು ಅವಳೆದುರು ಕೂರಬೇಕು. ಬಂದೆ. ಅವಳು ತಟ್ಟನೆ ಎದ್ದು ನಿಂತಳು. ಹಾಲಿಗೆ ಹಾಲೇ ನಕ್ಕಿತು. ಮೇಡಂ ಇನ್ನೊಮ್ಮೆ ಎಂದರು. ನಾನು ಹೊರಗೆ ಹೋಗಿ ಮತ್ತೆ ಬಂದೆ, ಅವಳು ಮತ್ತೆ ಎದ್ದಳು. “ನೀವು ಎದ್ದು ನಿಂತ್ರ, ಅಕ್ಕಾರು ತಮ್ಮ ತಪ್ಪು ನಿಮ್ಮ ಮುಂದ ಹೆಂಗ ಹೇಳ್ತಾರವಾ?” ಎಂದು ಮೇಡಂ ಕೇಳಿದರು. ಇವಳು ಸೆರಗಿನ ತುದಿ ತಿರುಚುತ್ತ, “ಕಾಲು ತಾವ ಏಳ್ತಾವರಿ ಮೇಡಂ” ಎಂದಳು. ನಾನು ಮುಖ ಗಂಭೀರವಾಗಿಟ್ಟುಕೊಂಡಿದ್ದೆ. ಒಳಗೆ ಹಬ್ಬ. ಗೆದ್ದೆ ಎಂದುಕೊಂಡೆ. ಆ ಕಾಲುಗಳು ಇರುವ ತನಕ ಅವಳು ನನಗೆ ಮೇಲ್ವಿಚಾರಕಿ ಆಗುವುದುಂಟೇ.

ಅವಳು ನನ್ನ ಬಳಿ ಬಂದಳು. “ಅಕ್ಕಾರ, ನೀವು ಮೊದಲ ಹೋಗಿ ಕುಂದರ್ರಿ. ನಾ ಹೊರಗಿಂದ ಬರ್ತೇನಿ” ಎಂದಳು. ನಾನು ಹೋಗಿ ಕೂತೆ. ಅವಳು ಬಾಗಿಲಿನಿಂದ ಬಂದು, ಹಿರಿಯರು ಕೂತ ಮೇಲೆ ಕಿರಿಯರು ಕೂರುವಂತೆಯೇ ನನ್ನೆದುರು ಕೂತಳು. ಏಳುವ ಪ್ರಶ್ನೆಯೇ ಬರಲಿಲ್ಲ. ಮೇಡಂ ಮುಖ ಅರಳಿತು. ಈ ಉಪಾಯ ನನಗೆ ಏಕೆ ಹೊಳೆಯಲಿಲ್ಲ ಎಂದು ಹೊಟ್ಟೆಯಲ್ಲಿ ಇನ್ನೊಂದು ಕೊಳ್ಳಿ ಬಿತ್ತು.

ನಾನು ಬ್ಯಾಡಗಿಯ ಒಬ್ಬ ಹೆಂಗಸಿನ ವಿಷಯ ತೆಗೆದೆ. ವಾರಕ್ಕೊಮ್ಮೆ ನಾನು ಬ್ಯಾಡಗಿಗೂ ಹೋಗುತ್ತೇನೆ. ಅವಳ ಗುರುತು ಸಿಗದಂತೆ ಇಲ್ಲಿ ಬರೆಯುವಾಗ ಕೆಲವು ವಿವರ ಬದಲಿಸಿದ್ದೇನೆ, ಗಂಟಲು ಮಾತ್ರ ಅವಳದೇ. ತಿಂದದ್ದು ಗಂಟಲಿನಲ್ಲಿ ಇಳಿಯುವುದಿಲ್ಲ, ಡಾಕ್ಟರು ಒಳಗೆಲ್ಲ ನೋಡಿ ಏನೂ ಇಲ್ಲ ಎಂದಿದ್ದರು. ಮೆಣಸಿನಕಾಯಿ ವ್ಯಾಪಾರದ ಮನೆ. ಸುಗ್ಗಿಯಲ್ಲಿ ಆ ಊರಿನ ಎಲ್ಲರ ಗಂಟಲೂ ಕೆರೆಯುವುದರಿಂದ ಮನೆಯವರು ತಲೆ ಕೆಡಿಸಿಕೊಂಡಿರಲಿಲ್ಲ. ಅವಳು ಹಿರಿಸೊಸೆ. ಕಿರಿಸೊಸೆಗೆ ರೊಟ್ಟಿ ಬಡಿಯುವುದರಿಂದ ಹಿಡಿದು ಎಲ್ಲ ಕಲಿಸಿದವಳು ಅವಳೇ. ಈಗ ಬೀಗರು ಬಂದರೆ ಅತ್ತೆ ಒಲೆಯ ಮುಂದೆ ಕೂರಿಸುವುದು ಕಿರಿಯಳನ್ನು. ಇಲ್ಲಿಯವರೆಗೆ ಓದಿದ ನಿಮಗೆ ಎಲ್ಲ ತಿಳಿದುಬಿಟ್ಟಿರಬಹುದು. ನನಗೆ ಆಗಲೂ ತಿಳಿದಿರಲಿಲ್ಲ.

“ಆಕೀಗೆ ನೀವು ಏನ ಹೇಳೀರಿ ಅಕ್ಕಾರ?” ಎಂದು ಇವಳು ಕೇಳಿದಳು.

“ನೀ ದೊಡ್ಡಾಕಿ, ಮನಸ್ಸು ದೊಡ್ಡದ ಮಾಡು ಅಂತ ಹೇಳೇನಿ.”

“ಹಂಗ ಹೇಳಿದಾಗ ಆಕಿ ಏನ ಮಾಡ್ತಾಳರಿ?”

“ಏನ ಮಾಡ್ತಾಳ, ಸುಮ್ನ ಆಗ್ತಾಳ. ಮುಂದಿನ ವಾರ ಮತ್ತ ಬಂದು ಅದನ್ನ ಹೇಳ್ತಾಳ.”

“ಆಕಿ ಅದನ್ನ ಮತ್ತ ಹೇಳಿದಾಗ ನಿಮಗ ಏನ ಅನಸ್ತೈತ್ರಿ?”

ಸಿಟ್ಟು ಬರುತ್ತದೆ ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ಸುಮ್ಮನೆ ಕೂತಳು, ನನ್ನ ಮುಖ ನೋಡುತ್ತ, ನಾನು ಕಲಿಸಿದ ಹಾಗೆಯೇ. ಕೆಳಗಿನ ಅಂಗಡಿಯಲ್ಲಿ ಯಾರೋ ಬೀಜದ ಚೀಲ ದಪ್ಪೆಂದು ಇಳಿಸಿದರು. ನಾನು ಏನೋ ಹೇಳಲು ಹೋದೆ, ಗಂಟಲು ಕಟ್ಟಿತು. ಆ ಹೆಂಗಸು ವಾರ ವಾರ ಬಂದು ನನ್ನ ಮನಸ್ಸಿನ ಮಾತನ್ನೇ ಹೇಳುತ್ತಿದ್ದಳು, ನಾನು ವಾರ ವಾರ ಅವಳ ಬಾಯಿ ಮುಚ್ಚಿಸಿ ಕಳಿಸುತ್ತಿದ್ದೆ. ಇದು ನನಗೆ ಹೊಳೆದದ್ದು ಎಲ್ಲರೂ ನೋಡುತ್ತಿರುವಾಗ, ಅದೂ ಇವಳೆದುರು. “ಇವತ್ತಿಗೆ ಇಷ್ಟ ಸಾಕು” ಎಂದು ನಾನೇ ಎದ್ದುಬಿಟ್ಟೆ. ಅವಳು ತಡೆಯಲಿಲ್ಲ.

ಕೊನೆಯ ದಿನ ಮೇಲ್ವಿಚಾರಕಿ ಎಂದು ಅವಳ ಹೆಸರು ಹೇಳಿದರು. ನಾನು ಹಾವೇರಿಯಲ್ಲಿ ಎರಡು ಅಂಗಡಿ ತಿರುಗಿ ಆರಿಸಿ ತಂದ ಏಲಕ್ಕಿ ಹಾರವನ್ನು ಮೇಡಂ ಕೊರಳಿಗೆ ಹಾಕಿದೆ. ಅವರು ಒಂದು ಗಳಿಗೆ ಇಟ್ಟುಕೊಂಡು, ತೆಗೆದು, ಅವಳ ಕೊರಳಿಗೆ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಅವಳು ಬಂದು ನನ್ನ ಕಾಲು ಮುಟ್ಟಿದಳು. “ಎಲ್ಲಾ ನಿಮ್ಮಿಂದರಿ ಅಕ್ಕಾರ” ಎಂದಳು. ನಿಜವನ್ನೇ ಹೇಳಿದ್ದಳು, ಆದರೂ ಎಷ್ಟು ಉರಿಯಿತೆಂದರೆ ಹೇಳಲಾರೆ. ಹಾವೇರಿಗೆ ಮರಳುವಾಗ ಬಸ್ಸಿನಲ್ಲಿ ನನ್ನ ಕೈಯೆಲ್ಲ ಏಲಕ್ಕಿ ವಾಸನೆ. ಮನೆಗೆ ಬಂದು ಸೋಪು ಹಾಕಿ ತೊಳೆದೆ, ಆದರೂ ಹೋಗಲಿಲ್ಲ. ಗಂಡ ಹಾಜರಿಯ ವಿಷಯ ಎತ್ತಲಿಲ್ಲ, ಅಷ್ಟು ಬುದ್ಧಿ ಅವರಿಗಿದೆ.

ಮರುವಾರ ಬ್ಯಾಡಗಿಗೆ ಹೋದೆ. ಬಸ್ಸಿನಿಂದ ಇಳಿಯುವಷ್ಟರಲ್ಲೇ ಖಾರದ ಗಾಳಿಗೆ ಸೀನು. ಆ ಹೆಂಗಸು ಬಂದು ಕೂತು ಅದೇ ಮಾತು ಶುರು ಮಾಡಿದಳು. ಬೀಗರು ಬಂದಿದ್ದರು, ಕಿರಿಯಳ ರೊಟ್ಟಿಯನ್ನು ಹೊಗಳಿದರು, ಕಲಿಸಿದವರು ಯಾರೆಂದು ಒಬ್ಬರೂ ಕೇಳಲಿಲ್ಲ. ಮನಸ್ಸು ದೊಡ್ಡದು ಮಾಡು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ಹೊಟ್ಟಿಕಿಚ್ಚು ಆಗ್ತೈತೇನವಾ?” ಎಂದು ಕೇಳಿದೆ.

ಅವಳು ನನ್ನ ಮುಖವನ್ನೇ ನೋಡಿದಳು. ಮನೆಯಲ್ಲಿ ಯಾರೋ ಹೇಳಿದ್ದಾರೆ ಎಂದುಕೊಂಡಳೋ ಏನೋ. “ಹೂನ್ರಿ. ಭಾಳ ಆಗ್ತೈತ್ರಿ” ಎಂದಳು. “ನಿಮಗ ಹೆಂಗ ಗೊತ್ತಾತ್ರಿ?” ಎಂದೂ ಕೇಳಿದಳು. ಅದನ್ನು ಹೇಳುವ ಜಾಗ ಅದಾಗಿರಲಿಲ್ಲ. ಅವಳು ಆ ದಿನ ಕಿರಿಯಳನ್ನು ಬಾಯಿ ತುಂಬ ಬೈದಳು, ಅತ್ತಳು, ಹೋಗುವಾಗ ಹೊರಗಿನ ಗಾಡಿಯಲ್ಲಿ ಮಿರ್ಚಿ ಬಜ್ಜಿ ತೆಗೆದುಕೊಂಡು ನಿಂತಲ್ಲೇ ತಿಂದಳು. ಕಿಟಕಿಯಿಂದ ನೋಡಿದೆ. ತುತ್ತು ಇಳಿಯುತ್ತಿತ್ತು.

ಇದನ್ನು ಯಾರಿಗಾದರೂ ಹೇಳಲೇಬೇಕಿತ್ತು. ಗಂಡನಿಗೆ ಹೇಳುವ ಹಾಗಿಲ್ಲ, ರೋಗಿಯ ಮಾತು ಮನೆಗೆ ತರಬಾರದು. ನಮ್ಮ ನಿಯಮದಂತೆ ಹೇಳಬಹುದಾಗಿದ್ದದ್ದು ಒಬ್ಬಳಿಗೆ, ಈಗ ನನ್ನ ಮೇಲ್ವಿಚಾರಕಿಯಾದ ಇವಳಿಗೆ. “ವಿಡಿಯೋ ಕಾಲಿನ್ಯಾಗ ಮಾತಾಡೋಣೇನ್ರಿ ಅಕ್ಕಾರ? ನಿಮಗ ಬಸ್ಸಿನ ತ್ರಾಸು ಬ್ಯಾಡ” ಎಂದು ಅವಳು ಫೋನಿನಲ್ಲಿ ಕೇಳಿದಳು. ಬೇಡ, ನಾನೇ ಬರುತ್ತೇನೆ ಎಂದೆ. ವಿಡಿಯೋದಲ್ಲಿ ಮುಖ ಕಾಣುತ್ತದೆ, ಯಾರು ಎದ್ದರು ಯಾರು ಕೂತರು ಎಂದು ಕಾಣುವುದಿಲ್ಲ. ಕುರ್ಚಿ ಹೋದರೆ ಹೋಗಲಿ, ಅವಳು ಏಳುವುದಾದರೂ ನನಗೆ ಉಳಿಯಬೇಕಿತ್ತು.

ರಾಣೇಬೆನ್ನೂರಿನ ಅವಳ ಕೋಣೆ ಸಣ್ಣದು. ಬಾಗಿಲು ತೆರೆದಿತ್ತು. ಈ ಸಲ ನಾನು ಮೊದಲು ಹೋಗಿ ಕೂರುವ ಉಪಾಯ ಇರಲಿಲ್ಲ, ಅವಳು ಆಗಲೇ ತನ್ನ ಕುರ್ಚಿಯಲ್ಲಿದ್ದಳು. ನಾನು ಹೊಸ್ತಿಲಿನಲ್ಲಿ ನಿಂತೆ. ಬೇಕೆಂದೇ ನಿಂತೆ.

ಅವಳು ಏಳಲಿಲ್ಲ. “ಬರ್ರಿ ಅಕ್ಕಾರ, ಕುಂದರ್ರಿ” ಎಂದಳು. ಆಮೇಲೆ ಅವಳ ಕೈ ನೋಡಿದೆ. ಎರಡೂ ಕೈ ಕುರ್ಚಿಯ ಹಿಡಿಕೆಯನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿದ್ದವು. ಕಾಲು ತಾವೇ ಏಳದಂತೆ ತನ್ನನ್ನು ತಾನೇ ಅದುಮಿ ಹಿಡಿದುಕೊಂಡಿದ್ದಳು, ನಾನು ನನ್ನ ತಪ್ಪು ಹೇಳಲು ಜಾಗ ಇರಲಿ ಎಂದು.

ಲಗುಬಗೆಯಿಂದ ಕೂತೆ. ಬ್ಯಾಡಗಿಯ ವಿಷಯ ಹೇಳಲೆಂದು ಬಂದವಳು, ಬಾಯಿ ತೆರೆದರೆ ಬೇರೆಯೇ ಬಂತು.

“ನನಗ ನಿನ್ನ ಮ್ಯಾಲೆ ಹೊಟ್ಟಿಕಿಚ್ಚೈತಿ. ಇನ್ನೂ ಐತಿ” ಎಂದೆ. ಅದರ ಹಿಂದೆಯೇ ಅಳು ಬಂತು.

ಮೇಜಿನ ಮೇಲೆ ನೀರಿನ ಲೋಟ ಇತ್ತು. ಅವಳು ಅದನ್ನು ನನ್ನ ಕಡೆ ಸರಿಸಲಿಲ್ಲ.